ಕಟ್ಟೆಗೆ ಹೋದ ಕಲ್ಲು

ನಡೆದದ್ದು ಇಷ್ಟು. ನನ್ನ ಸೊಸೆ ತಂದ ಕಲ್ಲನ್ನು ಅವಳ ಹೆತ್ತ ತಾಯಿ ದೇವರು ಅಂದುಕೊಂಡು ಅರಳಿಕಟ್ಟೆಯಲ್ಲಿ ಇಟ್ಟು ಬಂದರು. ಅದರಲ್ಲಿ ದೈವಲೀಲೆ ಏನೂ ಇರಲಿಲ್ಲ. ಬೀಗಿತ್ತಿ ಈಗಲೂ ಇತ್ತು ಅಂತಾರೆ. ಅನ್ನಲಿ.

ನಾವಿರೋದು ಬನಶಂಕರಿ ಎರಡನೇ ಸ್ಟೇಜಿನಲ್ಲಿ. ಸೊಸೆಗೆ ಮ್ಯೂಸಿಯಂನಲ್ಲಿ ಕೆಲಸ. ಕಲ್ಲಾಗಿಹೋದ ಪ್ರಾಣಿಗಳನ್ನು ಹುಡುಕಿ ತಂದು, ನೋಡಿ, ಬರೆದು, ಬೀರುವಿನಲ್ಲಿಡೋದು. ಇಂಗ್ಲಿಷಿನಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ, ನನ್ನ ಬಾಯಲ್ಲಿ ನಿಲ್ಲೋದಿಲ್ಲ. ನನ್ನ ಓದು ನಾಲ್ಕನೇ ಕ್ಲಾಸಿಗೆ ಮುಗೀತು. ನೆಂಟರೆಲ್ಲ ಡೈನೋಸಾರ್ ಇದೆಯಾ ಅಂತ ಕೇಳ್ತಾರೆ. ಇಲ್ಲ. ಬಹುಪಾಲು ಚಿಪ್ಪು. ಕೇಳಿದವರ ಮುಖ ಅಲ್ಲಿಗೇ ಸಪ್ಪೆಯಾಗುತ್ತೆ.

ಚಿಪ್ಪು ಹುಡುಕೋದಕ್ಕೆ ಅವಳು ತಮಿಳುನಾಡಿನ ಅರಿಯಲೂರು ಕಡೆ ಹೋಗ್ತಾಳೆ. ಅಲ್ಲಿ ಹಿಂದೆ ಸಮುದ್ರ ಇತ್ತಂತೆ. ಈಗ ಮೇಕೆ ಇವೆ. ಸುತ್ತಿಗೆ, ಬ್ರಷ್ಷು, ದಬ್ಬಳ ಹಿಡ್ಕೊಂಡು ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಬಿಡಿಸಿ, ಹಳೇ ಪೇಪರಿನಲ್ಲಿ ಸುತ್ತಿ ಮೂಟೆ ಕಟ್ಟಿ ತರ್ತಾಳೆ. ಅವು ಮ್ಯೂಸಿಯಂ ಸೇರಿ, ಒಂದೊಂದಕ್ಕೂ ನಂಬರು ಬೀಳೋ ತನಕ ಅವಳಿಗೆ ಊಟ ಸೇರೋದಿಲ್ಲ.

ಆ ಸಲ ಬಂದಿಳಿದದ್ದು ಭಾನುವಾರ ಬೆಳಗ್ಗೆ. ಆಫೀಸು ಮುಚ್ಚಿತ್ತು. ಮೂಟೆಗಳನ್ನು ಬಾಲ್ಕನಿಯಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಪೇರಿಸಿದಳು. ಒಂದನ್ನು ಮಾತ್ರ ಬೇರೆ ತೆಗೆದು ಟವಲಿನ ಮೇಲಿಟ್ಟಳು. ತೆಂಗಿನಕಾಯಿ ಹೋಳಿನಷ್ಟು ದೊಡ್ಡದು, ಚಕ್ಕುಲಿಯ ಹಾಗೆ ಸುತ್ತಿಕೊಂಡ ಚಿಪ್ಪು, ಕಪ್ಪಗೆ, ಒಂದು ಕಡೆ ಬಿರುಕು. ಅಂಥದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲವಂತೆ. ಆದರೆ ಅದು ಸಿಕ್ಕಿದ್ದು ಮಳೆನೀರು ಕೊರೆದ ಕೊರಕಲಿನ ತಳದಲ್ಲಿ, ಮೇಲಿನಿಂದ ಉರುಳಿ ಬಿದ್ದಿತ್ತು. ಯಾವ ಪದರದಿಂದ ಬಿತ್ತು ಅಂತ ಹೇಳೋರು ಯಾರು? ಚಿಪ್ಪಿನ ಬಾಯೊಳಗೆ ಗಟ್ಟಿಯಾಗಿ ಕೂತಿದ್ದ ಮಣ್ಣೇ ಹೇಳಬೇಕು. ಆ ಮಣ್ಣಲ್ಲಿ ರಾಗಿಹಿಟ್ಟಿಗಿಂತ ಸಣ್ಣ ಜೀವಗಳ ಚಿಪ್ಪಿರುತ್ತಂತೆ. ಅದನ್ನು ಯಂತ್ರದಲ್ಲಿ ನೋಡಿದರೆ ಯಾವ ಕಾಲದ್ದು ಅಂತ ಗೊತ್ತಾಗುತ್ತೆ. ಮಣ್ಣು ಹೋಯ್ತೋ, ಅದು ಶೋಕೇಸಿಗಿಡೋ ಕಲ್ಲು, ಅಷ್ಟೇ.

"ಅತ್ತೆ, ಇದನ್ನ ಮಾತ್ರ ತೊಳೀಬೇಡಿ" ಅಂದಳು. ಹೂಂ ಅಂದೆ. ಅವಳು ಸ್ನಾನ ಮಾಡಿ ಮಲಗಿದಳು.

ಈ ಮಾತನ್ನು ನನಗೆ ಹೇಳಿದಳು, ತಾಯಿಗೆ ಹೇಳಲಿಲ್ಲ. ಬೀಗಿತ್ತಿ ಆ ವಾರ ನಮ್ಮಲ್ಲೇ ಇದ್ದರು. ನಮ್ಮದು ಲಿಂಗ ಕಟ್ಟಿಕೊಂಡ ಮನೆ, ಅವರದು ಸಾಲಿಗ್ರಾಮ ಇಟ್ಟ ಮನೆ. ಮದುವೆ ಮಕ್ಕಳೇ ಮಾಡಿಕೊಂಡದ್ದು, ನಾವು ಆಮೇಲೆ ಹೋಗಿ ಹೋಳಿಗೆ ತಿಂದೆವು. ಬೀಗಿತ್ತಿ ಸೀರೆ ಒಣಹಾಕೋಕೆ ಬಾಲ್ಕನಿಗೆ ಹೋದರು. ಅಲ್ಲಿ ಚಪ್ಪಲಿ ಪಕ್ಕ ಬಿರುಕು ಬಿಟ್ಟ ಸಾಲಿಗ್ರಾಮ ಕಂಡಿತು. ಭಿನ್ನವಾದ ದೇವರನ್ನು ಮನೆಯಲ್ಲಿಡಬಾರದು. ಕಸದ ಗಾಡಿಗೂ ಹಾಕಬಾರದು. ಅಂಥದ್ದಕ್ಕೆಲ್ಲ ಈ ಊರಲ್ಲಿ ಇರೋದು ಒಂದೇ ಜಾಗ. ಗಾಜು ಒಡೆದ ಲಕ್ಷ್ಮಿ, ಸೊಂಡಿಲು ಮುರಿದ ಗಣಪತಿ, ಹೋದ ವರ್ಷದ ವೆಂಕಟರಮಣನ ಕ್ಯಾಲೆಂಡರು, ಎಲ್ಲ ಹೋಗಿ ಸೇರೋದು ಅರಳಿಕಟ್ಟೆಗೆ. ಅವರು ಅದನ್ನು ಸೆರಗಿನಲ್ಲಿಟ್ಟುಕೊಂಡು ಪಕ್ಕದ ರಸ್ತೆಯ ಕಟ್ಟೆಗೆ ಹೋಗಿ ಇಟ್ಟು, ಬಂದು ಕಾಲು ತೊಳೆದು ಹುರುಳಿಕಾಯಿ ಹೆಚ್ಚಿದರು. ಪುಣ್ಯದ ಕೆಲಸ ಹೇಳ್ಕೋಬಾರದು ಅಂತ ಯಾರಿಗೂ ಹೇಳಲಿಲ್ಲ.

ಸೊಸೆ ಸಂಜೆ ಎದ್ದು ನೋಡಿದರೆ ಬರೀ ಟವಲು. ಕೇಳಿದ್ದಕ್ಕೆ ತಾಯಿ ಹೇಳಿದರು. ಇನ್ನೂ ಒಂದು ಮಾತು ಸೇರಿಸಿದರು: ನಾಳೆ ಸೋಮವಾರ, ಬೆಳಗ್ಗೆ ಕಟ್ಟೆಯಲ್ಲಿ ಪಂಚಾಮೃತ ಅಭಿಷೇಕವಂತೆ, ಹೊಸ ದೇವರಿಗೇ ಮೊದಲು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ, ಆಮೇಲೆ ಕೊಡಗಟ್ಟಲೆ ನೀರು. ಸೊಸೆ ಕಾಫಿ ಕುಡಿಯದೆ ಚಪ್ಪಲಿ ಮೆಟ್ಟಿದಳು. ನಾನೂ ಹೊರಟೆ. ಬೀಗಿತ್ತಿ ಹಿಂದೆ ಬಂದರು. ನನ್ನ ಮಗ ಇಬ್ಬರು ತಾಯಂದಿರ ಮಧ್ಯೆ ಬರೋನಲ್ಲ, ಟಿವಿ ನೋಡ್ತಾ ಕೂತ.

ಕಲ್ಲು ಆಗಲೇ ನಾಗರಕಲ್ಲಿನ ಪಕ್ಕ ಸೀಟು ಹಿಡಿದಿತ್ತು. ನೆತ್ತಿಗೆ ಕುಂಕುಮ, ಬಾಯಿಗೆ ಒಂದು ಸೇವಂತಿಗೆ. ಕಟ್ಟೆಯ ಹೂವಿನವಳು ಬಹಳ ಸಂತೋಷವಾಗಿದ್ದಳು. ಅದು ಬಂದಾಗಿನಿಂದ ವ್ಯಾಪಾರ ಸಖತ್ತಾಗಿದೆ, ಒಳ್ಳೆ ಕಾಲ್ಗುಣ ಅಂದಳು. ಕಲ್ಲಿಗೆ ಎಲ್ಲಿಯ ಕಾಲು ಅಂತ ನಾನು ಅಂದೆ.

"ಇತ್ತು ಅತ್ತೆ, ಬದುಕಿದ್ದಾಗ ಸುಮಾರಿತ್ತು" ಅಂದಳು ಸೊಸೆ, ಚಿಪ್ಪಿನ ಬಾಯನ್ನೇ ನೋಡ್ತಾ.

ಕಟ್ಟೆಯ ಯಜಮಾನಿಕೆ ಒಬ್ಬ ರಿಟೈರ್ಡ್ ಮೇಷ್ಟ್ರದು. ಯಾರೂ ಕೊಟ್ಟದ್ದಲ್ಲ, ಅವರೇ ತಗೊಂಡದ್ದು. ಬಿರುಕಿದೆ, ಭಿನ್ನವಾಗಿದೆ, ಪೂಜೆಗೆ ಬರೋಲ್ಲ, ಕೊಟ್ಟುಬಿಡಿ ಅಂತ ನಾನು ಕೇಳಿದೆ. ಸೀಳಿದರೂ ಸಾಲಿಗ್ರಾಮ ಸಾಲಿಗ್ರಾಮವೇ, ಅದಕ್ಕೆ ಭಿನ್ನದ ದೋಷವಿಲ್ಲ ಅಂದರು. ಬೀಗಿತ್ತಿಗೆ ಇದು ಗೊತ್ತಿರಲಿಲ್ಲ, ಮುಖ ಸಣ್ಣದಾಯ್ತು. ನಾನು ಬಿಡಲಿಲ್ಲ.

"ಸಾರ್, ಅದು ಸತ್ತ ಹುಳ. ಹೆಣಕ್ಕೆ ಹಾಲೆರೀತೀರಾ?"

"ಶಂಖ ಏನಜ್ಜಿ ಮತ್ತೆ? ಅದು ಗಿಡದಲ್ಲಿ ಬಿಟ್ಟಿತ್ತಾ?" ಅಂದಳು ಹೂವಿನವಳು.



ಸೊಸೆ ಜಗಳ ಆಡಲಿಲ್ಲ. ಆಡೋಕೆ ಬರೋಲ್ಲ ಅವಳಿಗೆ. ಕಟ್ಟೆ ಅಂಚಿನಲ್ಲಿ ಕೂತು, ಅಭಿಷೇಕ ಒಂದು ಮಾಡಬೇಡಿ ಅಂತ ಕೇಳಿಕೊಂಡಳು. ಕೋಟಿಗಟ್ಟಲೆ ವರ್ಷದಿಂದ ಆ ಮಣ್ಣು ಹಾಗೇ ಕೂತಿದೆ, ನಾಳೆ ಒಂದು ಚೊಂಬು ನೀರಿಗೆ ಹೋಗುತ್ತೆ ಅಂದಳು. ಅಷ್ಟು ವರ್ಷ ಕೊಳೆ ಕೂತಿದೆ ಅಂದಮೇಲೆ ತೊಳೆಯೋದೇ ಸರಿಯಲ್ಲವೇ ಅಂತ ಮೇಷ್ಟ್ರು ಕೇಳಿದರು. ನಿಜ ಹೇಳಬೇಕಂದ್ರೆ ನನಗೂ ಹಾಗೇ ಅನ್ನಿಸಿತ್ತು.

ಆಮೇಲೆ ಮೇಷ್ಟ್ರು ಮಾತಿಗೆ ಕೇಳಿದರು, ಗಂಡಕಿ ನದಿ ತನಕ ಹೋಗಿದ್ದೇನಮ್ಮ ಅಂತ. ಇಲ್ಲ, ಅರಿಯಲೂರಿನ ಹತ್ತಿರ, ಸಿಮೆಂಟಿಗೆ ಸುಣ್ಣಕಲ್ಲು ತೆಗೆಯೋ ಕಡೆ ಅಂದಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಗಂಡಕಿಯದಲ್ಲದ್ದು ಸಾಲಿಗ್ರಾಮ ಅಲ್ಲ" ಅಂದರು. "ಚಕ್ರ ಇದ್ದರೂ ಅಲ್ಲ."

ಹಾಗಾದ್ರೆ ತಗೋತೀವಿ ಅಂತ ನಾನು ಕೈ ಹಾಕಿದೆ. ಹೂವಿನವಳು ತಡೆದಳು. ಕುಂಕುಮ ಬಿದ್ದಿದೆ, ಜನ ಕೈ ಮುಗಿದಿದ್ದಾರೆ, ಸುಮ್ನೆ ಎತ್ತಿಕೊಂಡು ಹೋದರೆ ಕಟ್ಟೆಗೆ ಒಳ್ಳೇದಾಗಲ್ಲ ಅಂದಳು. ಮೇಷ್ಟ್ರೂ ಹೌದು ಅಂದರು. ಆಗ ಬೀಗಿತ್ತಿ ಮುಂದೆ ಬಂದರು. ಅಷ್ಟು ಹೊತ್ತೂ ಅವರು ಮಗಳನ್ನೇ ನೋಡ್ತಾ ನಿಂತಿದ್ದರು. ಗೌರಿ ಹಬ್ಬ ಮುಗಿದ ಮೇಲೆ ಕಳಶ ಕದಲಿಸ್ತೀವಲ್ಲ, ಅದೇ ಥರ ಅಕ್ಷತೆ ಹಾಕಿ, ಎರಡೂ ಕೈಯಲ್ಲಿ ಕಲ್ಲನ್ನು ಹಿಡಿದು ಒಂಚೂರು ಬಲಕ್ಕೆ ಜರುಗಿಸಿದರು. ಕದಲಿಸಿದ ಮೇಲೆ ದೇವರು ಹೊರಟ ಲೆಕ್ಕ. ಉಳಿದದ್ದು ಮಣ್ಣು, ಕಲ್ಲು. ಇದಕ್ಕೆ ಮೇಷ್ಟ್ರೂ ಒಪ್ಪಿದರು.

"ತಗೋ. ಇನ್ನು ಅದು ನಿನ್ನ ಹುಳ" ಅಂದರು ಮಗಳಿಗೆ.

ಸೊಸೆ ಸೇವಂತಿಗೆ ತೆಗೆದು ಮೊಬೈಲಿನ ಬೆಳಕು ಬಿಟ್ಟು ಒಳಗೆ ನೋಡಿದಳು. ಹೂ ಬಾಡದಿರಲಿ ಅಂತ ಹೂವಿನವಳು ನೀರು ಚಿಮುಕಿಸಿದ್ದಳಂತೆ. ಬಾಯಂಚಿನ ಮಣ್ಣು ನೆನೆದು ಕುಂಕುಮ ಹತ್ತಿ ಕೆಂಪಗಾಗಿತ್ತು. ಒಳಗಿನದು ಒಣಗೇ ಇತ್ತು. ಪರೀಕ್ಷೆಗೆ ಅಷ್ಟು ಸಾಕು ಅಂದಳು. ದಾರಿಯುದ್ದಕ್ಕೂ ತಾಯಿ ಹತ್ತಿರ ಮಾತಾಡಲಿಲ್ಲ. ಊಟಕ್ಕೆ ಕೂತಾಗ ತಾನೇ ಪಲ್ಯ ಬಡಿಸಿದಳು. ಮುನಿಸು ಅಲ್ಲಿಗೆ ಬಿಡ್ತು.

ಮರುದಿನ ಬೆಳಗ್ಗೆ ಮೂಟೆಗಳನ್ನು ಆಫೀಸಿನ ಜೀಪು ಬಂದು ತಗೊಂಡು ಹೋಯ್ತು. ಆ ಕಲ್ಲನ್ನು ಸೊಸೆ ಕೊಡಲಿಲ್ಲ. ನಾವು ಮೂವರೂ ಆಟೋದಲ್ಲಿ ಹೊರಟೆವು. ಬೀಗಿತ್ತಿ ತಾವೇ ಹಿಡ್ಕೋತೀನಿ ಅಂದರು. ಮೊದಲನೇ ಗುಡಿ ಸಿಕ್ಕಿದ ತಕ್ಷಣ ಕೈ ಮುಗಿಯೋಕೆ ಎರಡೂ ಕೈ ಬಿಟ್ಟರು. ನಾನು ಕಲ್ಲನ್ನು ಅವರ ಮಡಿಲಿಂದ ಎತ್ತಿ ನನ್ನ ತೊಡೆ ಮೇಲಿಟ್ಟುಕೊಂಡೆ, ಮ್ಯೂಸಿಯಂ ಬರೋ ತನಕ ಕೊಡಲಿಲ್ಲ.