ಸ್ಪೀಕರ್ ಬಿತ್ತು ಅಂದವರು

ಕಾಕಾ ಅವರ ಎಡ ಹುಬ್ಬು ಎರಡು ತುಂಡಾಗಿತ್ತು. ನಡುವೆ ಕೂದಲಿಲ್ಲದ ಒಂದು ಬೆಳ್ಳನೆಯ ಗೆರೆ. ಬಿಯರ್ ಬಾಟಲಿ ಹಾರಿಬಂದು ಬಡಿದು ಐದು ಹೊಲಿಗೆ ಬಿದ್ದ ಜಾಗ. ಯಾರಾದರೂ ಕೇಳಿದರೆ, "ನಾ ಬಾರ್ಸಿದ್ದು ಮಂದಿಗೆ ಭಾಳ ಸೇರಿತ್ತರೀ, ಪ್ರೈಜ್ ಕೊಟ್ರು" ಎಂದು ಹಲ್ಲು ಕಿರಿಯುತ್ತಿದ್ದರು.

ಅವರು ನನ್ನ ಸ್ವಂತ ಕಾಕಾ ಅಲ್ಲ. ನಾವು ಮೈಸೂರಿನ ಕಡೆಯವರು, ಚಿಕ್ಕಪ್ಪ ಎನ್ನುವ ಜನ. ಹುಬ್ಬಳ್ಳಿಯ ಆ ಮನುಷ್ಯನನ್ನು ಇಲ್ಲಿ ಕೆನಡಾದ ಮಿಸ್ಸಿಸಾಗ, ಬ್ರ್ಯಾಂಪ್ಟನ್ನಿನ ಕನ್ನಡದವರೆಲ್ಲ ಕಾಕಾ ಎನ್ನುತ್ತಿದ್ದರು, ನನಗೂ ಕಾಕಾ ಆದರು. ಬ್ರ್ಯಾಂಪ್ಟನ್ನಿನ ಒಂದು ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸ. ಹರೆಯದಲ್ಲಿ ಊರಿನ ಆರ್ಕೆಸ್ಟ್ರಾದಲ್ಲಿ ಹವಾಯಿಯನ್ ಗಿಟಾರ್ ನುಡಿಸಿದವರು. ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸುತ್ತ, ಗಣೇಶನ ಪೆಂಡಾಲುಗಳಲ್ಲಿ ಸಿನಿಮಾ ಹಾಡುಗಳನ್ನು ಅಳುವಂತೆ ನುಡಿಸುತ್ತಿದ್ದರಂತೆ. ಅದೇ ಸದ್ದನ್ನು ಇಲ್ಲಿನ ರೇಡಿಯೋದ ಕಂಟ್ರಿ ಹಾಡಿನಲ್ಲಿ, ಬಿಳಿಯರ ಹಳ್ಳಿಗಾಡಿನ ಸಂಗೀತದಲ್ಲಿ, ಕೇಳಿ, "ಅರೆ, ಇದು ನಮ್ಮದ ಐತಲ್ಲ!" ಎಂದು ಕುಣಿದಾಡಿ, ವೇರ್‌ಹೌಸಿನ ಇಬ್ಬರು ಬಿಳಿಯ ಅಣ್ಣತಮ್ಮಂದಿರ ಜೊತೆ ಕಂಟ್ರಿ ರಾಕ್ ಬ್ಯಾಂಡು ಕಟ್ಟಿದರು. ಅಣ್ಣ ಹಾಡುತ್ತಿದ್ದ, ತಮ್ಮನದು ಬೇಸ್ ಗಿಟಾರ್. ಡ್ರಮ್ಮಿಗೆ ಮಾತ್ರ ಯಾರೂ ನಾಲ್ಕು ವಾರ ನಿಲ್ಲುತ್ತಿರಲಿಲ್ಲ. ಯಾಕೆಂದು ನಾನೇ ಬ್ಯಾಂಡಿಗೆ ಸೇರಿದ ಮೇಲೆ ಗೊತ್ತಾಯಿತು.

ತೊಂಬತ್ತರ ದಶಕದ ಕೊನೆ. ನಾನು ಹತ್ತೊಂಬತ್ತರ ಹುಡುಗಿ, ನರ್ಸಿಂಗ್ ಓದುತ್ತಿದ್ದೆ. ಹೈಸ್ಕೂಲಿನಲ್ಲಿ ಡ್ರಮ್ಸ್ ಕಲಿತಿದ್ದೆ. ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಂದು ಯುಗಾದಿ ಕಾರ್ಯಕ್ರಮದಲ್ಲಿ ಕಾಕಾ ಜೊತೆ ನುಡಿಸಿದ್ದೇ ನೆಪವಾಯಿತು. ಮಿಸ್ಸಿಸಾಗದ ಮೆಡೋವೇಲ್‌ನಲ್ಲಿ ಎಂಜಿನಿಯರಾಗಿದ್ದ ಅಪ್ಪ, "ಕಾಕಾ ಜೊತೆ ತಾನೆ, ಪ್ರಾಕ್ಟೀಸಿಗೆ ಹೋಗ್ಲಿ ಬಿಡೇ" ಎಂದು ಅಮ್ಮನ ಬಾಯಿ ಮುಚ್ಚಿಸುತ್ತಿದ್ದರು. ಇಷ್ಟೆಲ್ಲ ಪ್ರಾಕ್ಟೀಸ್ ಮಾಡಿದ ಕಾರ್ಯಕ್ರಮ ಯಾವಾಗ ಎಂದು ಎರಡು ವರ್ಷ ಅವರು ಕೇಳಲೇ ಇಲ್ಲ.

ಶನಿವಾರ ಮಧ್ಯಾಹ್ನ ಮೂರರಿಂದ ಆರು ನಮ್ಮ ಹೊತ್ತು. ಹೈವೇ ಪಕ್ಕದ ಬಾರು. ಬೆಳಗಿನ ಶಿಫ್ಟ್ ಮುಗಿಸಿ ಹಸಿದ ಹೊಟ್ಟೆಯಲ್ಲೇ ಕುಡಿಯಲು ಕೂತವರು ನಮ್ಮ ಶ್ರೋತೃಗಳು. ನಾಲ್ಕನೇ ಹಾಡಿಗೆ ಎಲ್ಲೋ ಒಂದು ಕುರ್ಚಿ ಬೀಳುತ್ತಿತ್ತು. ಆಮೇಲೆ ಮೇಜು, ಆಮೇಲೆ ಮನುಷ್ಯರು. ಬಿಲಿಯರ್ಡ್ಸ್ ಕೋಲು ಒಬ್ಬನ ಬೆನ್ನ ಮೇಲೆ ಮುರಿದದ್ದನ್ನು ನೋಡಿದ್ದೇನೆ. ಒಂದು ಸಲ ಯಾರದೋ ಹಲ್ಲು ಬಂದು ನನ್ನ ದೊಡ್ಡ ಡ್ರಮ್ಮಿಗೆ ಟಪ್ಪೆಂದು ಬಡಿಯಿತು. ಆ ಹಲ್ಲಿನವನು ಅದನ್ನು ಹುಡುಕಿಕೊಂಡು ನಮ್ಮ ಕಾಲಬುಡದಲ್ಲಿ ತೆವಳುತ್ತಿದ್ದ.

ಮೊದಲ ಹೊಡೆದಾಟದ ದಿನ ನನ್ನ ಕೈ ತಾನಾಗಿ ನಿಂತಿತ್ತು. ಕಾಕಾ ಕೂತಲ್ಲೇ ತಿರುಗಿ ಗದರಿದರು: "ನಿಂದ್ರಸಬ್ಯಾಡ! ಬಾರಸು!" ಆಮೇಲೆ ವ್ಯಾನಿನಲ್ಲಿ, ಮನೆಯಿಂದ ತಂದ ಮಂಡಕ್ಕಿಯ ಗಿರ್ಮಿಟ್ಟನ್ನು ಎಲ್ಲರಿಗೂ ಹಂಚುತ್ತ ಬಿಡಿಸಿ ಹೇಳಿದರು. "ಬಡದಾಡವ್ರು ಇಬ್ಬರ ಇರ್ತಾರವಾ. ಉಳದ ಮಂದಿ ಹಾಡು ಕೇಳ್ಕೋತ ನಿಂತಿರ್ತಾರ. ನೀ ನಿಂದ್ರಸಿದಿ ಅಂದ್ರ ಅವರಿಗೂ ಕೆಲಸ ಇಲ್ಲ, ಅವರೂ ಸೇರ್ಕೋತಾರ. ಡ್ರಮ್ಮರ್ ಸ್ಟಾಪ್ ಆದ್ರ ಎಲ್ಲಾ ಮುಗೀತು."

ನಾವು ಮೂವರು ಬೇಕಾದರೆ ಎದ್ದು ಓಡಬಹುದಿತ್ತು. ತೊಡೆಯ ಮೇಲೆ ಗಿಟಾರ್ ಇಟ್ಟುಕೊಂಡ ಕಾಕಾ ಪಂಕ್ತಿಯಲ್ಲಿ ಊಟಕ್ಕೆ ಕೂತವರ ಹಾಗೆ ಕೂತೇ ಇರುತ್ತಿದ್ದರು. ಒಂದು ತೊಟ್ಟು ಕುಡಿಯುತ್ತಿರಲಿಲ್ಲ. ಆದರೆ ಹೊಡೆದಾಟ ನೋಡುವುದೆಂದರೆ ಒಳಗೊಳಗೇ ಖುಷಿ. "ಆ ಕೆಂಪಂಗಿಯವನ ಕಾಲು ನೋಡು, ನೆಟ್ಟಗ ನಿಲ್ಲಾಕ ಬರಂಗಿಲ್ಲ, ಬಡದಾಡಾಕ ಬಂದಾನ" ಎಂದು ನುಡಿಸುತ್ತಲೇ ನನಗೆ ಕನ್ನಡದಲ್ಲಿ ಕಾಮೆಂಟರಿ ಕೊಡುತ್ತಿದ್ದರು. ನಗು ತಡೆದುಕೊಂಡು ತಾಳ ಹಿಡಿಯುವುದು ನನಗೆ ದೊಡ್ಡ ಕಷ್ಟ.

ಎರಡು ವರ್ಷ ನಾನು ನಿಲ್ಲಿಸಲಿಲ್ಲ. ಆಮೇಲೊಂದು ಶನಿವಾರ ನಿಲ್ಲಿಸಿದೆ.

ಅವತ್ತು ಒಬ್ಬ ದಡಿಯ ಶುರುವಿನಿಂದಲೂ ಕಾಕಾನನ್ನೇ ಕೆಣಕುತ್ತಿದ್ದ. ಪಾಕಿ ಎನ್ನುವುದು ನಮ್ಮಂಥ ಚರ್ಮದವರಿಗೆಲ್ಲ ಅಲ್ಲಿ ಸಿಗುತ್ತಿದ್ದ ಬೈಗುಳ. ಅದನ್ನೇ ಕೂಗಿ, ಇದು ನಿನ್ನ ಸಂಗೀತ ಅಲ್ಲ, ಎದ್ದು ಹೋಗು ಎನ್ನುತ್ತಿದ್ದ. ಕಾಕಾ ತಲೆ ಎತ್ತಲಿಲ್ಲ. ಆತ ವೇದಿಕೆಗೆ ಬಂದು ಒಂದು ಜಗ್ಗು ಬಿಯರನ್ನು ಗಿಟಾರಿನ ಮೇಲೆ, ಅವರ ತೊಡೆಯ ಮೇಲೆ ಸುರಿದ. ಸುರಿದು, ಕೆನ್ನೆಗೆ ಒಂದು ಬಿಟ್ಟ. ಕಾಕಾ ಕರ್ಚೀಫು ತೆಗೆದು ತಂತಿ ಒರೆಸತೊಡಗಿದರು. ಆ ಒರೆಸುವುದನ್ನು ನನ್ನಿಂದ ನೋಡಲಾಗಲಿಲ್ಲ.

ಡ್ರಮ್ಸ್ ನಿಂತಿತು. ಕಾಕಾ ಹೇಳಿದಂತೆಯೇ ಇಡೀ ಬಾರು ಎದ್ದಿತು. ನಮ್ಮ ಹಾಡುಗಾರ ಹಾರಿ ಆ ದಡಿಯನ ಮೂಗಿಗೆ ಗುದ್ದಿದ. ಅವನು ಮಂಡಿಯೂರಿ ಬಿದ್ದ, ಮೂಗಿನಿಂದ ರಕ್ತ ಸುರಿಯುತ್ತಿತ್ತು, ಸಾಕು ಎಂದು ಕೈ ಎತ್ತಿದ್ದ. ಅಷ್ಟರಲ್ಲಿ ನಾನು ತಟ್ಟೆತಾಳ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡನ್ನು ಕಿತ್ತುಕೊಂಡು ಅವನ ಮೇಲೆ ಹೋಗಿದ್ದೆ. ಹೆದರಿಸಲು ಎತ್ತಿದ್ದಲ್ಲ. ಕೊಲ್ಲಲಿಕ್ಕೇ ಎತ್ತಿದ್ದೆ. ಇಷ್ಟು ವರ್ಷದ ಮೇಲೆ ಸುಳ್ಳು ಹೇಳಿ ನನಗೆ ಏನಾಗಬೇಕಾಗಿದೆ?

ಎರಡೂ ಕೈಯಿಂದ ಅವನ ತಲೆಗೆ ಬೀಸಿದೆ. ನಡುವೆ ಕಾಕಾನ ಬಲಗೈ ಬಂತು. ಹಸಿ ಕಬ್ಬು ಮುರಿದಂಥ ಸದ್ದು. ನನಗೆ ಅದೂ ತಿಳಿಯದೆ ಇನ್ನೊಮ್ಮೆ ಎತ್ತಿದೆ. "ಯವ್ವಾ, ಸಾಕು ಮಾಡ!" ಎಂದು ಅವರು ಚೀರಿದ ಮೇಲೆ ನೋಡಿದೆ. ಅವರ ಹೆಬ್ಬೆರಳು ಇರಬೇಕಾದ ಕಡೆ ಇರಲಿಲ್ಲ.

ಪೊಲೀಸರು ಬಂದಾಗ ಕಾಕಾ ಬಾರಿನ ಟವೆಲನ್ನು ಕೈಗೆ ಸುತ್ತಿಕೊಂಡು ಕೂತಿದ್ದರು. "ಸ್ಪೀಕರ್ ಫೆಲ್, ಆಫೀಸರ್. ವೆರಿ ಹೆವಿ ಸ್ಪೀಕರ್" ಎಂದರು. ಮೂಗು ಒಡೆದವನಿಗೆ ಏನೂ ನೆನಪಿರಲಿಲ್ಲ. ಪೊಲೀಸಿನವನು ಸ್ಟ್ಯಾಂಡನ್ನು ನೋಡಿದ, ನನ್ನನ್ನು ನೋಡಿದ, ಬರೆದುಕೊಂಡು ಹೋದ.

ಆಸ್ಪತ್ರೆಯಲ್ಲಿ ಕಾಯುತ್ತಾ ಕೂತಾಗ ನನ್ನ ಸೊಕ್ಕು ಇನ್ನೂ ಇಳಿದಿರಲಿಲ್ಲ. "ಅವನು ನಿಮ್ಗೆ ಹೊಡ್ದ. ನೀವು ಹೋಗಿ ಅವನ ತಲೆ ಕಾಯ್ತೀರಲ್ಲ ಕಾಕಾ!" ಎಂದೆ.

"ಅವನ ತಲಿ ಯಾಂವ ಕಾಯ್ತಾನ! ಅಂವ ಹಾಳಾಗಿ ಹೋಗ್ಲಿ" ಎಂದು ಎಲ್ಲರೂ ತಿರುಗಿ ನೋಡುವಂತೆ ಕಿರುಚಿದರು. "ನೀ ಜೇಲಿಗೆ ಹೋದ್ರ ಯಾವ ದವಾಖಾನ್ಯಾಗ ನರ್ಸ್ ಆಗ್ತಿದ್ದಿ? ನಿಮ್ಮಪ್ಪಗ ನಾ ಏನ್ ಮಾರಿ ತೋರಸ್ಲಿ, ಹುಚ್ಚಿ? ನನ್ನ ನಂಬಿ ಕಳಿಸ್ಯಾರ ನಿನ್ನ!" ಆಮೇಲೆ ನೋವು ತಡೆಯಲಾಗದೆ ಅತ್ತುಬಿಟ್ಟರು. ಮನೆಯಲ್ಲೂ ಸ್ಪೀಕರಿನ ಕತೆಯನ್ನೇ ಹೇಳಬೇಕೆಂದು ನನ್ನಿಂದ ಆಣೆ ಹಾಕಿಸಿಕೊಂಡರು.

ಎರಡು ಆಪರೇಷನ್ ಆದರೂ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಮಡಚಲಿಲ್ಲ. ತಂತಿ ಮೀಟುವ ಬೆರಳುಗಳೇ ಅವು. ಬ್ಯಾಂಡು ಮುಗಿಯಿತು. ಒಂದು ವರ್ಷ ಕಾಕಾ ನನ್ನ ಮುಖ ನೋಡಲಿಲ್ಲ. ಅವರು ಸಂತರಲ್ಲ, ಸಿಟ್ಟು ಅವರಿಗೂ ಇತ್ತು. ಆಮೇಲೆ ಕನ್ನಡ ಸಂಘದ ಊಟದ ಸಾಲಿನಲ್ಲಿ ಸಿಕ್ಕಾಗ, ಬಿಪಿ ವಿಚಾರಿಸಿದ ಹಾಗೆ, "ಹೆಂಗೈತಿ ಸಿಟ್ಟು?" ಎಂದು ಕೇಳಿದರು. "ಕಂಟ್ರೋಲಲ್ಲಿದೆ ಕಾಕಾ" ಎಂದೆ. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ನಾನು ನರ್ಸಾದೆ. ಎಮರ್ಜೆನ್ಸಿಯಲ್ಲಿ ಕುಡಿದವರು ನನ್ನ ಮೇಲೆ ಕೈ ಎತ್ತಿದ್ದಾರೆ, ಉಗಿದಿದ್ದಾರೆ. ನಾನು ತಿರುಗಿ ಎತ್ತಿಲ್ಲ.

ಕೈ ಮುರಿದ ಒಂಬತ್ತು ವರ್ಷಕ್ಕೆ ಕಾಕಾ ಹೃದಯಾಘಾತದಿಂದ ಹೋದರು. ಬ್ರ್ಯಾಂಪ್ಟನ್ನಿನ ಅವರ ಮನೆಯಲ್ಲಿ ಅವರ ಹೆಂಡತಿ, ನಮ್ಮ ಕಾಕು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಆ ಸ್ಪೀಕರ್ ಬಿದ್ದ ದಿನಾನ ಅವರು ಅರ್ಧ ಹೋಗಿದ್ರು." ಮೂರು ಸಲ ಕೇಳಿದೆ. ನಾಲ್ಕನೆಯ ಸಲ ತಡೆಯಲಾಗಲಿಲ್ಲ. ಅಡುಗೆಮನೆಗೆ ಕರೆದು, "ಸ್ಪೀಕರ್ ಅಲ್ಲ ಕಾಕು. ಹೊಡೆದಿದ್ದು ನಾನು" ಎಂದು ಎಲ್ಲ ಹೇಳಿದೆ.

ಕಾಕು ಪೂರ್ತಿ ಕೇಳಿಸಿಕೊಂಡು ಕೆನ್ನೆಗೆ ರಪ್ಪೆಂದು ಹೊಡೆದರು. ನನ್ನ ಕಿವಿ ಗುಯ್ಯೆಂದಿತು.

"ಒಂಬತ್ತು ವರ್ಷ ಅವರ ಅಂಗಿ ಗುಂಡಿ ನಾ ಹಾಕೇನಿ" ಎಂದರು. "ದಿನಾ ಮುಂಜಾನೆ ಆ ಸ್ಪೀಕರಿಗೆ ಬೈಕೋತ ಹಾಕೇನಿ. ಅವರು ನಕ್ಕೋತ ನಿಂದರತಿದ್ರು."

ಇನ್ನೊಂದು ಏಟು ಬೀಳಲಿ ಎಂದು ನಾನು ಅಲ್ಲೇ ನಿಂತೆ. ಕಾಕು ಹೊಡೆಯಲಿಲ್ಲ.