ಸಂಕ್ರಾಂತಿಯ ದಿನ ಕಾಕಾ ಕೇಳಿದ ದಾರಿ

ಕಾಕಾನ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಬಲಗೈಯದೋ ಎಡಗೈಯದೋ, ಈಗ ಆಣೆ ಮಾಡಿ ಹೇಳಲಾರೆ. ಕಣ್ಣು ಮುಚ್ಚಿದರೆ ಬಲಗೈ ಕಾಣುತ್ತದೆ. ಆದರೆ ನನ್ನ ಹತ್ತಿರ ಉಳಿದಿರುವ ಒಂದೇ ಫೋಟೋದಲ್ಲಿ ಅವರ ಬಲಗೈ ನನ್ನ ಹೆಗಲ ಹಿಂದೆ ಇದೆ. ಇಂಥ ಇನ್ನೂ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆ ಸಂಕ್ರಾಂತಿಯ ಮಧ್ಯಾಹ್ನವೂ ಅಂಥದ್ದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅವರು ನನ್ನ ತಂದೆಯ ತಮ್ಮ. ಧಾರವಾಡ ಬಿಟ್ಟು ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ತೈಲ ಕಂಪನಿಯ ಕ್ವಾರ್ಟರ್ಸಿನಲ್ಲಿ ನೆಲೆಸಿದವರು. ಕೆಲಸ ಭೂಮಿ ಅಳೆಯುವುದು. ಕಛ್‌ನ ಬಯಲಿನಲ್ಲಿ ಗೂಟ ಹೊಡೆಯುವಾಗ ಸುತ್ತಿಗೆ ಜಾರಿ ಉಗುರು ಸೀಳಿದ್ದಂತೆ. ಗುಜರಾತಿಯಲ್ಲೂ ಚಿಕ್ಕಪ್ಪನಿಗೆ ಕಾಕಾ ಎನ್ನುವುದರಿಂದ ಇಡೀ ಕಾಲೊನಿಗೇ ಅವರು ಕಾಕಾ, ಅವರ ಹೆಂಡತಿ, ನಮ್ಮ ಕಾಕು, ಎಲ್ಲರಿಗೂ ಕಾಕಿ. ನಾನಾಗ ವಡೋದರಾದಲ್ಲಿ ಎಂ.ಎ. ಓದುತ್ತಿದ್ದೆ. ಮಂಜಲ್‌ಪುರದಲ್ಲಿ ಒಂದು ಕೋಣೆ, ರಜೆ ಸಿಕ್ಕರೆ ರೈಲು ಹತ್ತಿ ಕಾಕಾನ ಮನೆ.

ಕಾಕಾ ಯಾರನ್ನೂ ದಾರಿ ಕೇಳುತ್ತಿರಲಿಲ್ಲ. ಅದೊಂದು ಅವಮಾನ ಅವರಿಗೆ. ಹೊಸ ಜಾಗಕ್ಕೆ ಹೋದರೆ ಪ್ರತಿ ತಿರುವಿನಲ್ಲಿ ನಿಂತು, ಬಂದ ದಾರಿಯನ್ನು ಹಿಂತಿರುಗಿ ನೋಡುತ್ತಿದ್ದರು. ನಮಗೂ ಅದನ್ನೇ ಕಲಿಸಿದರು. "ಹೋಗುವಾಗ ಮುಂದ ಎಲ್ಲಾರೂ ನೋಡತಾರ. ಹಿಂದ ತಿರುಗಿ ನೋಡು. ವಾಪಸ್ ಬರುವಾಗ ದಾರಿ ಬ್ಯಾರೆ ಮುಖ ತೋರಸ್ತದ."

ಆ ಕ್ವಾರ್ಟರ್ಸಿನ ಮನೆಗಳೆಲ್ಲ ಒಂದೇ ಅಚ್ಚಿನವು, ಒಂದೇ ಬೂದು ಬಣ್ಣ. ಕಾಕಾನ ಬಾಗಿಲಿಗೆ ಮಾತ್ರ ಕನ್ನಡಿ ಚೂರುಗಳ ದೊಡ್ಡ ಕೆಂಪು ತೋರಣ. ಬೇರೆಯವರು ದೀಪಾವಳಿಗೆ ಕಟ್ಟಿ ಬಿಚ್ಚಿಡುತ್ತಿದ್ದರು. ಕಾಕು ಬಿಚ್ಚುತ್ತಿರಲಿಲ್ಲ. ಪಕ್ಕದ ಮನೆಯ ಗುಜರಾತಿ ಹೆಂಗಸು "ಕಾಕಿ, ತಮಾರೇ ತೋ ರೋಜ್ ದಿವಾಳಿ!" ಎಂದು, ನಿಮಗೆ ದಿನವೂ ದೀಪಾವಳಿಯೆಂದು ಛೇಡಿಸಿದರೆ ಕಾಕು "ಇರಲಿ ಬಿಡ್ರಿ, ಚಂದ ಕಾಣತದ" ಎಂದು ಕನ್ನಡದಲ್ಲೇ ಉತ್ತರಿಸುತ್ತಿದ್ದರು.

ಅಲ್ಲಿನ ಕನ್ನಡದವರಿಗೆ ಸಂಕ್ರಾಂತಿಯ ದಿನ ಒಂದು ಪೇಚು. ಊರಿನ ಹಾಗೆ ಮನೆಮನೆಗೆ ಹೋಗಿ ಕುಸುರೆಳ್ಳು ಕೊಟ್ಟು ಹಿರಿಯರ ಕಾಲಿಗೆ ಬೀಳೋಣವೆಂದರೆ ಒಂದು ಮನೆಯಲ್ಲೂ ಜನವಿಲ್ಲ. ಅಹಮದಾಬಾದಿಗೆ ಅಹಮದಾಬಾದೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತಿರುತ್ತದೆ. ಕೊಟ್ಟು ಬರಲು ಹೋದವರು ಬೀಗಗಳಿಗೆ ಕೈಮುಗಿದು ಬರುತ್ತಿದ್ದರು.

ಅದಕ್ಕೆ ಕಾಕಾ ಒಂದು ಉಪಾಯ ಕಂಡುಹಿಡಿದರು. ನಾನು ಸೈಬರ್ ಕೆಫೆಯಲ್ಲಿ ಓದಿದ್ದ ಜಿಯೋಕ್ಯಾಶಿಂಗ್ ಎಂಬ ಆಟದ ವಿಷಯ ಒಮ್ಮೆ ಹೇಳಿದ್ದೆ. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಆ ಜಾಗದ ಅಕ್ಷಾಂಶ ರೇಖಾಂಶ ತಿಳಿಸುತ್ತಾರೆ, ಉಳಿದವರು ಉಪಗ್ರಹದಿಂದ ದಾರಿ ಹಿಡಿಯುವ ಯಂತ್ರ ಹಿಡಿದು ಹುಡುಕುತ್ತಾರೆ. ಕಾಕಾ ತೊಡೆ ತಟ್ಟಿದರು. "ಕುಸುರೆಳ್ಳಿನ ಡಬ್ಬಿ ಬಚ್ಚಿಡೋಣ. ಹುಡುಗರು ಹುಡುಕಿ ತಿನ್ನಲಿ. ಆ ನೆವದಾಗರೆ ನಾಕು ಅಕ್ಷರ ಕನ್ನಡ ಆಡತಾವ."

ಹಾಗೆ ಯಂತ್ರದ ಚರ್ಚೆ ಶುರುವಾಯಿತು. ನನ್ನ ಮನೆಯೊಡತಿ "ತಮಾರಾ ಕಾಕಾನೋ ಫೋನ್" ಎಂದು ಕೂಗಿದರೆ ಸಾಕು, ಅದೇ ಮಾತೆಂದು ಗೊತ್ತಾಗುತ್ತಿತ್ತು. ಸೂರತ್‌ನ ವರಾಛಾದಲ್ಲಿ ವಜ್ರ ಉಜ್ಜುವ ಕಾರ್ಖಾನೆಯ ಶೇಠ್ ಒಬ್ಬರು ಕಾಕಾನ ಹಳೆಯ ಗೆಳೆಯ. ಅವರ ಭಾವಮೈದುನ ಅಮೆರಿಕದಿಂದ ಎರಡು ಬಗೆಯ ಯಂತ್ರ ತಂದಿದ್ದ. "ನೀ ಬಾರವಾ," ಎಂದರು ಕಾಕಾ. "ನೀ ಓದಿದಾಕಿ. ಯಾವದು ತೊಗೋಬೇಕಂತ ಹೇಳು."

ವರಾಛಾದ ಗಲ್ಲಿಯಲ್ಲಿ ಉಪಗ್ರಹ ಸಿಕ್ಕಲಿಲ್ಲ. ಕಾರ್ಖಾನೆಯ ಮಾಳಿಗೆಗೆ ಹೋದೆವು. ಒಂದು ಯಂತ್ರ ಹಳದಿ, ಸಾಬೂನಿನಷ್ಟು ದಪ್ಪ, ಪೆನ್ಸಿಲ್ ಸೆಲ್ ಹಾಕುವಂಥದ್ದು. ಇನ್ನೊಂದು ಅಂಗೈಯಲ್ಲಿ ಹಿಡಿಯುವ ಆರ್ಗನೈಸರ್. ಹೆಸರು, ವಿಳಾಸ, ಅಲಾರಂ ಎಲ್ಲ ಉಂಟು, ಬಣ್ಣದ ಪರದೆ, ಬೆನ್ನಿಗೆ ಮಡಚುವ ಆಂಟೆನಾ. ಕಾಕಾ ಅದರ ಆಂಟೆನಾ ಬಿಡಿಸಿ, ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಪರದೆಯನ್ನೇ ನೋಡುತ್ತ ನಿಂತರು.

"ಕಾಕಾ, ಆಟಕ್ಕ ಹಳದೀದು ಸಾಕು," ಎಂದೆ. "ಬಿದ್ರೂ ಏನಾಗೂದಿಲ್ಲ. ಇದರಾಗ ನಮ್ಮೂರಿನ ನಕ್ಷೆ ಇಲ್ಲ, ಬಿಸಿಲಾಗ ಪರದೆ ಕಾಣೂದಿಲ್ಲ. ಬ್ಯಾಟ್ರಿ ಪೂರಾ ಹೋತಂದ್ರ ಒಳಗಿಂದೆಲ್ಲ ಅಳಿಸಿ ಹೋಗತದಂತ."

"ಎಲ್ಲಾನೂ?"

"ಎಲ್ಲಾನೂ."

"ಅಂದ್ರ ನನ್ನಂಥಾದ ಅನ್ನು," ಎಂದು ನಕ್ಕರು. ನಾನೂ ನಕ್ಕೆ.

ಆಮೇಲೆ ಸೀಳುಗುರಿನಿಂದ ಪರದೆ ಕುಟ್ಟುತ್ತ ಹೇಳಿದರು: "ಇದರಾಗ ಒಬ್ಬರ ಹೆಸರು ಬರದ್ರ, ಅವರ ಮನಿ ಜಾಗಾನೂ ಅದಕ್ಕ ಕಟ್ಟಬಹುದು. ಹೆಸರು ಒತ್ತಿದ್ರ ಬಾಣ ಆ ಮನಿ ಕಡೆ ತಿರಗತದ. ನಿನ್ನ ಹಳದಿ ಸಾಬೂನಿಗೆ ಇದು ಬರತದೇನು?"

ಡಬ್ಬಿ ಹುಡುಕುವುದಕ್ಕೆ ಜನರ ಹೆಸರು ಯಾಕೆ ಎಂದು ಶೇಠ್ ನಕ್ಕು, "ಕಾಕಾ, ಖೇಲ್‌ನಾ ಹೈ ಯಾ ಸಗಾಯಿ ಕರ್‌ವಾನೀ ಹೈ?" ಎಂದರು, ಆಡುವುದಕ್ಕೋ ನಿಶ್ಚಿತಾರ್ಥ ಮಾಡಿಸುವುದಕ್ಕೋ ಎಂದು. ಕಾಕಾ ನಗಲಿಲ್ಲ. ಆರ್ಗನೈಸರನ್ನೇ ಕೊಂಡರು.

ಸ್ಟೇಷನ್ನಿಗೆ ವಾಪಸಾಗುವಾಗ ಅವರು ಯಾವ ತಿರುವಿನಲ್ಲೂ ನಿಲ್ಲಲಿಲ್ಲ, ಹಿಂತಿರುಗಿ ನೋಡಲಿಲ್ಲ. ಇದನ್ನು ನಾನು ಆಗಲೇ ಗಮನಿಸಿದ್ದೆನೋ, ಮುಂದೆ ನಡೆದದ್ದರಿಂದ ಈಗ ಸೇರಿಸಿಕೊಳ್ಳುತ್ತಿದ್ದೇನೋ, ಗೊತ್ತಿಲ್ಲ.

ಸಂಕ್ರಾಂತಿಯ ಹಿಂದಿನ ಸಂಜೆ ಕಾಕಾ ಒಬ್ಬರೇ ಹೋಗಿ ಡಬ್ಬಿಗಳನ್ನು ಬಚ್ಚಿಟ್ಟು ಬಂದರು. ಮರುದಿನ ಬೆಳಿಗ್ಗೆ ಕನ್ನಡದ ಮನೆಗಳ ಮಕ್ಕಳು ಅವರ ಹಿಂದೆ ಗದ್ದಲ ಮಾಡುತ್ತ ಓಡಿದವು. ನೀರಿನ ಟಾಕಿಯ ಬುಡದಲ್ಲಿ ಒಂದು ಡಬ್ಬಿ, ಬೇವಿನ ಪೊಟರೆಯಲ್ಲಿ ಒಂದು. ಸಿಕ್ಕ ಕೂಡಲೇ ಕಾಕಾ "ಏನನ್ನಬೇಕು?" ಎಂದು ಕೇಳುವುದು, ಮಕ್ಕಳು "ಎಳ್ಳು ಬೆಲ್ಲ ತೊಗೊಂಡು ಎಳ್ಳು ಬೆಲ್ಲಧಂಗ ಇರೂಣು" ಎಂದು ತೊದಲಿ ಬಾಯಿಗೆ ಹಾಕಿಕೊಳ್ಳುವುದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಮಾಳಿಗೆ ಹತ್ತಿದೆವು. ಕೊನೆಯ ಡಬ್ಬಿ ತೆಗೆದುಕೊಂಡು ಬರುತ್ತೇನೆಂದು ಕಾಕಾ ಕೆಳಗೇ ಉಳಿದರು.

ಸಂಕ್ರಾಂತಿಗೆಂದೇ ಅಲ್ಲಿ ಮಾಡುವ ಉಂಧಿಯು ಪಲ್ಯ ಬಡಿಸಿ ಆಯಿತು, ಕಾಕಾ ಬರಲಿಲ್ಲ. ಕರೆಯಲು ನಾನು ಇಳಿದೆ.

ಅವರು ಮನೆಯ ಮುಂದಿನ ರಸ್ತೆಯಲ್ಲೇ ನಿಂತಿದ್ದರು, ಬಾಗಿಲಿಗೆ ಬೆನ್ನು ಮಾಡಿ. ಯಂತ್ರವನ್ನು ಎದೆಗೆ ಒತ್ತಿ ಹಿಡಿದು ಉಗುರಿನಿಂದ ಕುಟ್ಟುತ್ತಿದ್ದರು. ಹತ್ತಿರ ಹೋಗಿ ಪರದೆಗೆ ಕೈ ಮರೆಮಾಡಿ ನೋಡಿದೆ. ಬೆಳಗಿನ ಆಟದಲ್ಲೇ ಬ್ಯಾಟರಿ ಹೋಗಿ, ನಾವು ಮಾಳಿಗೆ ಹತ್ತಿದ ಮೇಲೆ ಚಾರ್ಜಿಗೆ ಹಾಕಿದ್ದರೆಂದು ಕಾಣುತ್ತದೆ. ಒಳಗೆ ಒಂದು ಹೆಸರೂ ಇರಲಿಲ್ಲ. ಈಗಷ್ಟೇ ಅಂಗಡಿಯಿಂದ ತಂದದ್ದರ ಹಾಗೆ ಅದು ಪರದೆಯ ಮೇಲೆ ಒಂದು ಗುರುತು ತೋರಿಸಿ, ನಡುವಿಗೆ ಮುಟ್ಟಿ ಎನ್ನುತ್ತಿತ್ತು. ಕಾಕಾ ಮುಟ್ಟುತ್ತಿದ್ದರು. ಉಗುರು ಎರಡು ಹೋಳಾದ್ದರಿಂದಲೋ ಏನೋ, ನಡುವಿಗೆ ತಾಗುತ್ತಿರಲಿಲ್ಲ. ಅದು ಮತ್ತೆ ಕೇಳುತ್ತಿತ್ತು. ಅವರು ಮತ್ತೆ ಮುಟ್ಟುತ್ತಿದ್ದರು.

"ಕಾಕಾ, ಹೋಗಲಿ ಬಿಡ್ರಿ, ಊಟಕ್ಕ ಬರ್ರಿ," ಎಂದೆ.

ಅವರು ತಲೆ ಎತ್ತಿದರು. ನನ್ನ ಮುಖ ನೋಡಿದರು. ಬಹಳ ಮರ್ಯಾದೆಯಿಂದ, ಪರಿಚಯವಿಲ್ಲದ ಹೆಂಗಸಿನೊಡನೆ ಮಾತಾಡುವಾಗಿನ ದೂರ ಇಟ್ಟುಕೊಂಡು, ಹಿಂದಿಯಲ್ಲಿ ಕೇಳಿದರು: "ಬೆಹೆನ್‌ಜೀ, ಚಾಂದ್‌ಖೇಡಾ ಕಿಸ್ ತರಫ್ ಪಡೇಗಾ?"

ಮೇಲಿನಿಂದ ಮಕ್ಕಳು ಕೇಳಿಸಿಕೊಂಡು ಹೋ ಎಂದು ನಕ್ಕವು. "ಕಾಕಾ ಮಜಾಕ್ ಕರೇ ಛೇ!" ನಾನೂ ನಗಲು ಬಾಯಿ ತೆರೆದೆ. ನಗು ಬರಲಿಲ್ಲ. ಕಾಕಾ ಚಾಂದ್‌ಖೇಡಾದಲ್ಲೇ ನಿಂತು, ಅದು ಯಾವ ಕಡೆ ಎಂಬ ಉತ್ತರಕ್ಕಾಗಿ ಕಾಯುತ್ತಿದ್ದರು. ಅವರು ಮರೆತದ್ದಕ್ಕಿಂತ ಮೊದಲು ನನ್ನನ್ನು ತಟ್ಟಿದ್ದು ಬೇರೆಯದೇ: ಕಾಕಾ ದಾರಿ ಕೇಳುತ್ತಿದ್ದಾರೆ.

ಕಾಕು ಚಪ್ಪಲಿ ಕೂಡ ಹಾಕದೆ ಇಳಿದು ಬಂದರು. ಅವರ ಮುಖದಲ್ಲಿ ಗಾಬರಿ ಇರಲಿಲ್ಲ. ಯಂತ್ರವನ್ನು ತೆಗೆದು ನನ್ನ ಕೈಗೆ ಕೊಟ್ಟು, ಗಂಡನ ಮೊಣಕೈ ಹಿಡಿದು ಮೆಲ್ಲಗೆ ಹಿಂದಕ್ಕೆ ತಿರುಗಿಸಿದರು. "ಇಲ್ಲೆ ನೋಡ್ರಿ. ಕೆಂಪಂದು." ಕಾಕಾ ತೋರಣ ನೋಡಿದರು. ಭುಜ ಇಳಿಯಿತು. "ಹಾಂ," ಎಂದು ಒಳಗೆ ನಡೆದರು. ಸ್ವಲ್ಪ ಹೊತ್ತಿಗೆ ಮಾಳಿಗೆಗೆ ಬಂದು, "ಏನವಾ, ಉಣ್ಣದ ಹಂಗ ಕೂತೀಯಲ್ಲ," ಎಂದು ನನಗೇ ಗದರಿದರು. ಆ ಕೊನೆಯ ಡಬ್ಬಿ ಯಾರಿಗೂ ಸಿಕ್ಕಲಿಲ್ಲ.

ಆ ದಿನದ ಡೈರಿಯಲ್ಲಿ ನಾನು ಬರೆದದ್ದು ಮೂರೇ ಮಾತು: "ಗಾಳಿಪಟ. ಬಿಸಿಲು. ಕಾಕಾ." ಉಳಿದದ್ದನ್ನೆಲ್ಲ ನೆನಪಿನಿಂದಲೇ ಬರೆಯುತ್ತಿದ್ದೇನೆ.

ಅವರು ಮತ್ತೆ ಕೆಲವು ವರ್ಷ ಇದ್ದರು. ಹೆಸರುಗಳು ಹೋದವು, ನನ್ನದು ಬೇಗ, ಕಾಕುವಿನದು ತಡವಾಗಿ. ಆದರೆ ಕೈಹಿಡಿದು ಅಂಗಳಕ್ಕೆ ಕರೆತಂದರೆ ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಿದ್ದರು, ಕತ್ತು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು, ಬಾಗಿಲಿನ ಕಡೆಗೆ. ಅವರು ತೀರಿಕೊಂಡದ್ದೂ ಅದೇ ಮನೆಯಲ್ಲಿ. ಇಂದಿಗೂ ಹೊಸ ಊರಿನಲ್ಲಿ ನಾನು ಪ್ರತಿ ತಿರುವಿನಲ್ಲಿ ನಿಂತು ಹಿಂದೆ ನೋಡುತ್ತೇನೆ.

ದಿನಕರ್ಮವೆಲ್ಲ ಮುಗಿದು ಮನೆ ಖಾಲಿ ಮಾಡುವಾಗ ಕಾಕು ಸ್ಟೂಲು ಹತ್ತಿ ತೋರಣ ಬಿಚ್ಚುತ್ತಿದ್ದರು. ಬಣ್ಣ ಮಾಸಿ ಇಟ್ಟಿಗೆಯಂತಾಗಿತ್ತು. ನಾನು ಸ್ಟೂಲು ಹಿಡಿದುಕೊಂಡಿದ್ದೆ. ನಾವು ಸೂರತ್‌ಗೆ ಹೋಗುವುದಕ್ಕೂ ಮೊದಲ ದೀಪಾವಳಿಯಲ್ಲಿ ಅದು ಅಲ್ಲಿತ್ತು ಎಂದು ನನ್ನ ನೆನಪು; ಅದಕ್ಕೂ ಹಿಂದಿನ ವರ್ಷವೂ ಇತ್ತೇನೋ. ಕಾಕು ಅದನ್ನು ಮಡಚಿ ತಮ್ಮ ಸೀರೆಗಳ ನಡುವೆ ಇಟ್ಟರು. ಆಗ ಕೇಳಿದೆ, ಈಗಲೂ ಫೋನಿನಲ್ಲಿ ಒಮ್ಮೊಮ್ಮೆ ಕೇಳುತ್ತೇನೆ, ಕಾಕು ಪ್ರತಿ ಸಲ ಉತ್ತರದ ಬದಲು ನನ್ನ ಊಟವಾಯಿತೇ ಎಂದು ವಿಚಾರಿಸುತ್ತಾರೆ:

"ಕಾಕು, ಆ ತೋರಣ ನೀವು ಮೊದಲು ಕಟ್ಟಿದ್ದು ಯಾವಾಗ?"