ರಸ್ತೆ ದಾಟಿಸುವ ಒಡಿಲಿಯಾ ಮತ್ತು ಹನ್ನೆರಡು ಶಾಲೆಗಳ ಪಟ್ಟಿ

ಡಿಸೆಂಬರಿನ ಮೊದಲ ಗುರುವಾರ, ಬೆಳಗಿನ ಏಳು ಗಂಟೆ. ಬ್ರಾಂಕ್ಸ್‌ನ ಟ್ರೆಮಾಂಟ್ ಕಡೆಯ ಈ ನಾಲ್ಕು ರಸ್ತೆ ಕೂಡುವಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಒಡಿಲಿಯಾ ನೊರಾಲೆಸ್ ಕಾಫಿ ಲೋಟವನ್ನು ಮೂಲೆಯಂಗಡಿಯ ಕಿಟಕಿಕಟ್ಟೆಯ ಮೇಲಿಟ್ಟು, ಉಣ್ಣೆಯ ಕೈಗವಸಿನ ಮೇಲೆ ಪೊಲೀಸ್ ಇಲಾಖೆಯ ಬಿಳಿ ಕೈಗವಸು ಏರಿಸಿ, ಹೊಳೆಯುವ ಹಳದಿ ಅಂಗಿಯ ಜಿಪ್ ಎಳೆದುಕೊಂಡು ರಸ್ತೆಗೆ ಇಳಿಯುತ್ತಾರೆ. ಅವರು ಅಂಗೈ ಎತ್ತಿದರೆ ಕಸದ ಲಾರಿಯೂ ನಿಲ್ಲುತ್ತದೆ. ಐವತ್ತೆಂಟು ವರ್ಷದ, ಐದಡಿಗಿಂತ ಒಂದಿಂಚೂ ಹೆಚ್ಚಿಲ್ಲದ ಈ ಹೆಂಗಸು ಇಪ್ಪತ್ತೊಂದು ವರ್ಷದಿಂದ ಇದೇ ಮೂಲೆಯಲ್ಲಿ ಶಾಲೆಯ ಮಕ್ಕಳನ್ನು ದಾಟಿಸುತ್ತಿದ್ದಾರೆ. ಬೆಳಿಗ್ಗೆ ಎಣಿಸಿದರೆ ಮುನ್ನೂರ ನಲವತ್ತು ಮಕ್ಕಳು, ಮಧ್ಯಾಹ್ನ ಅಷ್ಟೇ. ಎಲ್ಲರಿಗೂ ಅವರು ‘ಟೀಯಾ’, ಚಿಕ್ಕಮ್ಮ.

ಈ ವಾರ ಮಾತ್ರ ಅವರ ಸುತ್ತ ಮಕ್ಕಳಿಗಿಂತ ಅಪ್ಪ ಅಮ್ಮಂದಿರೇ ಜಾಸ್ತಿ. ಎಂಟನೇ ತರಗತಿಯವರು ಹೈಸ್ಕೂಲಿನ ಅರ್ಜಿ ಮುಗಿಸಲು ಮುಂದಿನ ಬುಧವಾರ ಕಡೆಯ ದಿನ. ನಗರದ ನಾನೂರಕ್ಕೂ ಹೆಚ್ಚು ಸರ್ಕಾರಿ ಹೈಸ್ಕೂಲುಗಳಲ್ಲಿ ಹನ್ನೆರಡನ್ನು ಆರಿಸಿ, ತಮಗೆ ಬೇಕಾದ ಕ್ರಮದಲ್ಲಿ ಒಂದರ ಕೆಳಗೊಂದು ಬರೆಯಬೇಕು. ಆಮೇಲೆ ಲಾಟರಿ. ಪ್ರತಿ ಮಗುವಿಗೂ ಅಂಕಿ ಅಕ್ಷರ ಬೆರೆತ ಉದ್ದನೆಯ ಒಂದು ಸಂಖ್ಯೆ ಬರುತ್ತದೆ. ಸೊನ್ನೆಯಿಂದ ಶುರುವಾದರೆ ಸರದಿಯ ಮುಂದೆ, ಎಫ್‌ನಿಂದ ಶುರುವಾದರೆ ಕೊನೆಗೆ.

ಸೈಕು ದಾರ್ಬೋ ಅವರ ಮಗಳು ನೀಮಾಳ ಸಂಖ್ಯೆ ಡಿ ಅಕ್ಷರದಿಂದ ಶುರುವಾಗುತ್ತದೆ, ಅಂದರೆ ಸರದಿಯ ಹೆಚ್ಚುಕಡಿಮೆ ಕೊನೆಯಲ್ಲಿ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ, ಗ್ಯಾಂಬಿಯಾದಿಂದ ಬಂದು ಹದಿನಾರು ವರ್ಷವಾದ ಈ ಎತ್ತರದ ಮನುಷ್ಯ ಇವತ್ತು ಮಡಿಸಿದ ಕಾಗದ ಹಿಡಿದು ಮೂಲೆಗೆ ಬಂದಿದ್ದಾರೆ. ಮಗಳು ಎರಡು ಹೆಜ್ಜೆ ಹಿಂದೆ, ನೆಲ ನೋಡುತ್ತಾ ನಿಂತಿದ್ದಾಳೆ. ಒಡಿಲಿಯಾ ಅವರಿಗೆ ಮಾತಿಗೆ ಸಿಗುವುದು ನಡೆದು ದಾಟುವವರ ಸಿಗ್ನಲ್ ಕೆಂಪಾಗಿರುವಷ್ಟು ಹೊತ್ತು ಮಾತ್ರ, ನಲವತ್ತು ಸೆಕೆಂಡು. ಹಸಿರಾದರೆ ಅವರು ರಸ್ತೆಯ ನಡುವೆ, ಮಾತು ಅರ್ಧಕ್ಕೆ.

‘‘ಟೀಯಾ, ನಂಬರ್ ಸರಿಯಿಲ್ಲ. ಅದಕ್ಕೇ ಮನೆ ಹತ್ರದ ಶಾಲೆನೇ ಮೊದಲು ಬರೆದೆ. ಅದಾದ್ರೂ ಕೈ ತಪ್ಪಬಾರದಲ್ಲ,’’ ಎನ್ನುತ್ತಾರೆ ದಾರ್ಬೋ.

ಒಡಿಲಿಯಾ ಹೋಗಿ ಇಪ್ಪತ್ತು ಮಕ್ಕಳನ್ನು ದಾಟಿಸಿ ಬರುತ್ತಾರೆ. ‘‘ಇದು ಹೆದರಿಕೆ ಪಟ್ಟಿ, ದಾರ್ಬೋ. ಬೇಕಾಗಿದ್ದರ ಪಟ್ಟಿ ಅಲ್ಲ. ಶನಿವಾರ ಬಟ್ಟೆ ಒಗೆಯೋ ಅಂಗಡಿಗೆ ಬನ್ನಿ. ಹುಡುಗಿನೂ ಕರ್ಕೊಂಡು ಬನ್ನಿ. ಅವಳಿಲ್ಲದೆ ನಾನು ಮಾತಾಡಲ್ಲ.’’

ಅಷ್ಟರಲ್ಲಿ ಮತ್ತೆ ಹಸಿರು.

ಇದು ಅವರ ಕೆಲಸವಲ್ಲ. ಇದಕ್ಕೆ ಅವರಿಗೆ ಸಂಬಳವಿಲ್ಲ, ಯಾರೂ ನೇಮಿಸಿಲ್ಲ. ಶಾಲೆಯಲ್ಲಿ ಸಲಹೆ ಕೊಡುವ ಶಿಕ್ಷಕಿಯೊಬ್ಬರಿದ್ದಾರೆ, ಒಳ್ಳೆಯವರೇ. ಇನ್ನೂರು ಮಕ್ಕಳಿಗೆ ಅವರೊಬ್ಬರು. ಒಡಿಲಿಯಾ ಇದಕ್ಕೆ ಇಳಿದದ್ದು ಸಮಾಜಸೇವೆಯ ಹುಮ್ಮಸ್ಸಿನಿಂದಲ್ಲ. ಅವರೇ ಹೇಳುವಂತೆ, ತಪ್ಪು ಮಾಡಿ.

ಹೊಂಡುರಾಸಿನ ಕರಾವಳಿಯ ಗರಿಫುನಾ ಜನರ ಊರೊಂದರಿಂದ ಇಪ್ಪತ್ತಮೂರನೇ ವಯಸ್ಸಿನಲ್ಲಿ ಇಲ್ಲಿಗೆ ಬಂದವರು ಅವರು. ಹದಿನಾಲ್ಕು ವರ್ಷ ಕಚೇರಿಗಳ ನೆಲ ಒರೆಸಿದರು. ಮಗಳು ಮಿರ್ತಾ ಶಾಲೆಗೆ ಹೋಗತೊಡಗಿದಾಗ, ಅವಳ ಹೊತ್ತಿಗೇ ಹೊಂದುವ ಕೆಲಸವೆಂದು ಈ ಹಳದಿ ಅಂಗಿ ತೊಟ್ಟರು. ಹದಿಮೂರು ವರ್ಷದ ಹಿಂದೆ ಮಿರ್ತಾ ಎಂಟನೇ ತರಗತಿಗೆ ಬಂದಳು. ಹಾಡುವ ಹುಡುಗಿ, ಸಂಗೀತ ಕಲಿಸುವ ಹೈಸ್ಕೂಲೊಂದರ ಮೇಲೆ ಮನಸ್ಸಿಟ್ಟಿದ್ದಳು. ಚರ್ಚಿನಲ್ಲಿ ಪರಿಚಯದವರೊಬ್ಬರು ಹೇಳಿದರಂತೆ: ಅದೊಂದನ್ನೇ ಬರೆದು ಮಿಕ್ಕಿದ್ದನ್ನು ಖಾಲಿ ಬಿಡಿ, ಎಷ್ಟು ಆಸೆಯಿದೆ ಅಂತ ಅವರಿಗೆ ಗೊತ್ತಾಗುತ್ತೆ. ಒಡಿಲಿಯಾ ಹಾಗೇ ಮಾಡಿದರು. ಹನ್ನೊಂದು ಸಾಲು ಖಾಲಿ.

ಆ ಶಾಲೆ ಸಿಗಲಿಲ್ಲ. ಪಟ್ಟಿಯಲ್ಲಿ ಬೇರೇನೂ ಇಲ್ಲದ್ದರಿಂದ ಜಾಗ ಉಳಿದಿದ್ದ ಕಡೆ ಹಾಕಿದರು. ನಗರದ ಇನ್ನೊಂದು ತುದಿಯಲ್ಲಿ, ಸಮುದ್ರದ ಹತ್ತಿರ. ಎರಡು ಬಸ್ಸು, ಒಂದು ರೈಲು, ಒಂದೂ ಮುಕ್ಕಾಲು ಗಂಟೆ. ಮಿರ್ತಾ ಐದಕ್ಕೆ ಮುಂಚೆ ಏಳಬೇಕಾಯಿತು. ಸಂಜೆ ಮನೆ ಸೇರುವಾಗ ಚರ್ಚಿನ ಹಾಡಿನ ಅಭ್ಯಾಸ ಮುಗಿದಿರುತ್ತಿತ್ತು. ಕ್ರಿಸ್‌ಮಸ್ ಹೊತ್ತಿಗೆ ಅವಳು ಅದನ್ನು ಬಿಟ್ಟಳು. ಬೇರೆ ಶಾಲೆಗೆ ಬದಲಿಸಿ ಎಂದು ಕೇಳಿದರು, ಆಗಲಿಲ್ಲ.

‘‘ಏಳು ಗಂಟೆಗೆ ನನ್ನ ಡ್ಯೂಟಿ. ಅವಳ ಜೊತೆ ಹೋಗೋಕೆ ಆಗ್ತಿರ್ಲಿಲ್ಲ,’’ ಎನ್ನುತ್ತಾರೆ ಒಡಿಲಿಯಾ. ‘‘ಊರ ಮಕ್ಕಳನ್ನೆಲ್ಲ ಕೈ ಹಿಡಿದು ದಾಟಿಸ್ತಿದ್ದೆ. ನನ್ನ ಮಗಳು ಕತ್ತಲಲ್ಲಿ ಒಬ್ಬಳೇ ಬಸ್ಸಿಗೆ ಕಾಯ್ತಾ ನಿಂತಿರ್ತಿದ್ದಳು. ನಾಲ್ಕು ವರ್ಷ.’’

ಇಪ್ಪತ್ತಾರರ ಮಿರ್ತಾ ಈಗ ಆಸ್ಪತ್ರೆಯೊಂದರಲ್ಲಿ ಉಸಿರಾಟದ ಚಿಕಿತ್ಸೆಯ ತಂತ್ರಜ್ಞೆ. ಫೋನಿನಲ್ಲಿ ನಗುತ್ತಾಳೆ. ‘‘ಅಮ್ಮನಿಗೆ ಅದು ಇನ್ನೂ ಚುಚ್ಚುತ್ತೆ. ನನಗೇನು, ರೈಲಲ್ಲಿ ಚೆನ್ನಾಗಿ ನಿದ್ದೆ ಮಾಡ್ತಿದ್ದೆ.’’ ತಾಯಿಯ ಮುಂದೆ ಇದನ್ನು ಹೇಳಿದರೆ ಅವರು ಒಪ್ಪುವುದಿಲ್ಲ. ಎಲ್ಲ ಸರಿಹೋಯಿತಲ್ಲ ಎಂದವರಿಗೆ, ಸರಿ ಮಾಡಿಕೊಂಡಿದ್ದು ಅವಳು, ನಾನಲ್ಲ ಎಂದು ಮಾತು ಮುಗಿಸುತ್ತಾರೆ.

ಮಿರ್ತಾಳ ಫಲಿತಾಂಶ ಬಂದ ಮರುವಾರವೇ ಒಡಿಲಿಯಾ ಶಾಲೆಯ ಸಲಹೆಗಾರ್ತಿಯ ಬಾಗಿಲಲ್ಲಿ ನಿಂತಿದ್ದರು. ಆಗಿದ್ದು ಆಯಿತು, ಇದು ಹೇಗೆ ನಡೆಯುತ್ತೆ ಅಂತ ಮಾತ್ರ ಹೇಳಿಕೊಡಿ ಎಂದು ಕೇಳಿದರು. ಮೂರು ಮಧ್ಯಾಹ್ನ ಕೂತು ಕಲಿತರು. ಕಲಿತದ್ದು ದೊಡ್ಡದೇನಲ್ಲ, ಆದರೆ ಹತ್ತರಲ್ಲಿ ಏಳು ಮನೆಯವರಿಗೆ ಅದು ಗೊತ್ತಿರುವುದಿಲ್ಲ ಎನ್ನುತ್ತಾರೆ.

‘‘ಮೊದಲನೇದು ಸಿಗ್ಲಿಲ್ಲ ಅಂದ್ರೆ ಎರಡನೇದಕ್ಕೆ ಹೋಗ್ತೀರಿ. ಅಲ್ಲಿ ‘ನಮ್ಮನ್ನ ಎರಡನೇದಾಗಿ ಬರೆದಿದ್ದೀಯಾ, ಹಿಂದೆ ಹೋಗು’ ಅಂತ ಯಾರೂ ಅನ್ನಲ್ಲ. ಅವರಿಗೆ ಅದು ಗೊತ್ತೇ ಆಗಲ್ಲ. ಹಾಗಿರುವಾಗ ಬೇಕಾಗಿದ್ದನ್ನ ಮೇಲೆ ಬರೆಯೋಕೆ ಯಾಕೆ ಹೆದರಬೇಕು? ಮತ್ತೆ, ಒಂದು ಸಾಲೂ ಖಾಲಿ ಬಿಡಬಾರದು. ಅದನ್ನ ನನ್ನಷ್ಟು ಚೆನ್ನಾಗಿ ಯಾರೂ ಹೇಳಲಾರರು.’’

ಅವರು ಅಲ್ಲಿಗೇ ನಿಲ್ಲಲಿಲ್ಲ. ಬೆಳಗಿನ ಪಾಳಿ ಮುಗಿದು ಮಧ್ಯಾಹ್ನದ ಪಾಳಿ ಶುರುವಾಗುವವರೆಗೆ ನಾಲ್ಕೂವರೆ ಗಂಟೆ ಬಿಡುವು. ಎರಡು ತಿಂಗಳಿಗೊಂದು ದಿನ ಆ ಬಿಡುವಿನಲ್ಲಿ, ಚೀಲದಲ್ಲಿ ಎರಡು ತೆಂಗಿನ ಬ್ರೆಡ್ಡು ಇಟ್ಟುಕೊಂಡು, ಬಸ್ಸೋ ರೈಲೋ ಹತ್ತಿ ಒಂದು ಹೈಸ್ಕೂಲಿನ ಬಾಗಿಲವರೆಗೆ ಹೋಗಿ ಬರುತ್ತಾರೆ. ಇದುವರೆಗೆ ಎಪ್ಪತ್ತೊಂದು ಶಾಲೆ ಮುಟ್ಟಿ ಬಂದಿದ್ದಾರೆ. ಒಳಗೆ ಹೋಗುವುದಿಲ್ಲ. ಎಷ್ಟು ನಿಮಿಷ ಹಿಡಿಯಿತು, ಎಲ್ಲಿ ಬಸ್ಸು ಬದಲಿಸಬೇಕು, ಆ ನಿಲ್ದಾಣದಲ್ಲಿ ಜನ ಇರುತ್ತಾರೋ ಇಲ್ಲವೋ, ಊಟದ ಹೊತ್ತಿಗೆ ಹೊರಬರುವ ಮಕ್ಕಳ ಮುಖ ಹೇಗಿರುತ್ತದೆ, ಇಷ್ಟು ನೋಡುತ್ತಾರೆ. ಶಿಕ್ಷಣ ಇಲಾಖೆಯ ವಿವರಗಳಲ್ಲಿ ಎಷ್ಟು ಮಕ್ಕಳು ಪಾಸಾದರು ಎಂಬುದೆಲ್ಲ ಇರುತ್ತದೆ; ಚಳಿಗಾಲದಲ್ಲಿ ಯಾವ ಬಸ್ ನಿಲ್ದಾಣದಲ್ಲಿ ಹುಡುಗಿಯೊಬ್ಬಳು ಒಂಟಿಯಾಗಿ ನಿಲ್ಲಬೇಕಾಗುತ್ತದೆ ಎಂಬುದು ಇರುವುದಿಲ್ಲ. ಅದು ಒಡಿಲಿಯಾ ಅವರ ತಲೆಯಲ್ಲಿದೆ.

ಶನಿವಾರ ಹತ್ತರಿಂದ ಒಂದು ಗಂಟೆಯವರೆಗೆ ಅವರು ಸಿಗುವುದು ಅದೇ ರಸ್ತೆಯ ಬಟ್ಟೆ ಒಗೆಯುವ ಅಂಗಡಿಯಲ್ಲಿ. ಒಣಗಿದ ಬಟ್ಟೆ ಮಡಿಸುವ ಮೇಜೊಂದನ್ನು ಮಾಲೀಕ ಅವರಿಗೆ ಬಿಟ್ಟುಕೊಟ್ಟಿದ್ದಾನೆ. ದಾರ್ಬೋ ಮಗಳೊಂದಿಗೆ ಬಂದರು. ಒಡಿಲಿಯಾ ಇಬ್ಬರಿಗೂ ಒಂದೊಂದು ಖಾಲಿ ಹಾಳೆ ಕೊಟ್ಟು, ಮೇಜಿನ ಎರಡು ತುದಿಗೆ ಕೂರಿಸಿ, ಒಬ್ಬರದನ್ನೊಬ್ಬರು ನೋಡದೆ ಬರೆಯಲು ಹೇಳಿದರು. ಎಲ್ಲರಿಗೂ ಅವರು ಮೊದಲು ಮಾಡಿಸುವುದು ಇದನ್ನೇ.

ದಾರ್ಬೋ ಮೊದಲು ಬರೆದದ್ದು ಮನೆ ಹತ್ತಿರದ ಶಾಲೆ. ಅದರ ಕೆಳಗೆ ಹೆಸರುವಾಸಿಯಾದ ನಾಲ್ಕೈದು. ನೀಮಾಳ ಹಾಳೆಯಲ್ಲಿದ್ದ ಹನ್ನೆರಡೂ ಮನೆಯಿಂದ ನಡೆದು ಹೋಗುವಷ್ಟು ದೂರದವು. ಅದರಲ್ಲಿ ಎರಡರ ಬಗ್ಗೆ ಅವಳೇ ಹಿಂದೆ ಬೈದುಕೊಂಡು ಓಡಾಡಿದ್ದಳು. ಅಪ್ಪನಿಗೆ ಅರ್ಥವಾಗಲಿಲ್ಲ. ಇದೇನು ಸೋಮಾರಿತನ ಎಂದು ರೇಗಿದರು.

ಒಡಿಲಿಯಾ ಕೈಯೆತ್ತಿ ತಡೆದರು, ರಸ್ತೆಯಲ್ಲಿ ತಡೆಯುವ ಹಾಗೆಯೇ. ‘‘ಮಗಾ, ದಿನಾ ಎರಡೂ ಮುಕ್ಕಾಲಿಗೆ ತಂಗಿ ಕೈ ಹಿಡ್ಕೊಂಡು ನನ್ನ ಮುಂದೇನೇ ಹೋಗ್ತೀಯಲ್ಲ. ಆ ಕೆಲಸ ನಿಂದಲ್ಲ ಅಂದ್ಕೋ. ಆಗ ಎಲ್ಲಿಗೆ ಹೋಗ್ತಿದ್ದೆ?’’

ಪಕ್ಕದಲ್ಲಿ ಯಂತ್ರವೊಂದು ಸುತ್ತು ಮುಗಿಸಿ ನಿಂತಿತು. ನೀಮಾ ನಗರದ ಇನ್ನೊಂದು ಭಾಗವಾದ ಕ್ವೀನ್ಸ್ ಕಡೆಯ ಒಂದು ಶಾಲೆಯ ಹೆಸರು ಹೇಳಿದಳು. ಅಲ್ಲಿ ಪ್ರಾಣಿಗಳ ಆರೈಕೆ ಕಲಿಸುತ್ತಾರೆ, ಆಡುಗಳಿವೆ, ಮೊಲಗಳಿವೆ. ಮನೆಯಿಂದ ಐವತ್ತೈದು ನಿಮಿಷ. ‘‘ಅಷ್ಟು ದೂರ ಹೋದ್ರೆ ಸೀರಾನ ಕರ್ಕೊಂಡು ಬರೋರು ಯಾರು? ಅಪ್ಪ ಡಿಪೋದಲ್ಲಿರ್ತಾರೆ, ಅಮ್ಮನಿಗೂ ಮಧ್ಯಾಹ್ನದ ಕೆಲಸ.’’

ಏಳು ವರ್ಷದ ಸೀರಾ ಅವಳ ತಂಗಿ. ದಾರ್ಬೋ ಮಗಳ ಹಾಳೆಯನ್ನು ಎಳೆದುಕೊಂಡು ಇನ್ನೊಮ್ಮೆ ಓದಿದರು. ಹನ್ನೆರಡು ಹೆಸರು, ಹನ್ನೆರಡೂ ತಂಗಿಯ ಶಾಲೆಗೆ ಹತ್ತಿರದವು. ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಇದನ್ನು ಅವಳು ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ.

‘‘ಬೆಳಗಿನ ಜಾವ ನಾಲ್ಕರ ಪಾಳಿ ಖಾಲಿ ಇದೆ. ಅದನ್ನ ಯಾರೂ ಕೇಳಲ್ಲ,’’ ಎಂದರು ಕೊನೆಗೆ. ‘‘ನಾನು ಕೇಳ್ತೀನಿ. ಒಂದು ಗಂಟೆಗೆ ಮನೇಲಿರ್ತೀನಿ. ನೀನು ಆಡಿನ ಶಾಲೆ ಬರಿ.’’

ಆಗ ಮಾಡುತ್ತಿದ್ದ ಹಗಲಿನ ಪಾಳಿ ಸಿಗಲು ಅವರು ಆರು ವರ್ಷ ಕಾದಿದ್ದರು. ಅದನ್ನು ಅವರು ಅಂದು ಹೇಳಲಿಲ್ಲ; ಒಡಿಲಿಯಾ ಅವರಿಗೆ ಗೊತ್ತಾದದ್ದು ಬಹಳ ದಿನದ ಮೇಲೆ, ದಾರ್ಬೋ ಅವರ ಹೆಂಡತಿಯಿಂದ.

ಆಮೇಲಿನ ಒಂದು ಗಂಟೆ ಮೂವರೂ ಒಂದೇ ಹಾಳೆಯ ಮೇಲೆ ಬಗ್ಗಿದರು. ಮೊದಲನೆಯದು ಆಡಿನ ಶಾಲೆ. ಎರಡು, ಮೂರು ಅಪ್ಪ ಮಗಳು ಇಬ್ಬರೂ ಒಪ್ಪಿದವು. ನಾಲ್ಕನೆಯದು ಒಡಿಲಿಯಾ ಹೇಳಿದ್ದು, ಜೀವಶಾಸ್ತ್ರದ ಒಳ್ಳೆಯ ಪ್ರಯೋಗಾಲಯವಿರುವ ಸಣ್ಣ ಶಾಲೆ; ಒಂದೇ ರೈಲು, ಮೂವತ್ತು ನಿಮಿಷ, ನಿಲ್ದಾಣದ ಎದುರೇ ಬೇಕರಿ, ಬೆಳಿಗ್ಗೆ ಆರಕ್ಕೇ ಬಾಗಿಲು ತೆಗೆದಿರುತ್ತದೆ. ದಾರ್ಬೋ ಮೇಲೆ ಬರೆದಿದ್ದ ಮನೆ ಹತ್ತಿರದ ಶಾಲೆ ಐದಕ್ಕೆ ಇಳಿಯಿತು. ಹನ್ನೆರಡೂ ಸಾಲು ತುಂಬಿದವು.

ಮಾರ್ಚ್ ಮೊದಲ ವಾರ ಫಲಿತಾಂಶ ಬಂದಿತು. ನೀಮಾಳಿಗೆ ಆಡಿನ ಶಾಲೆ ಸಿಗಲಿಲ್ಲ. ಎರಡು, ಮೂರೂ ಇಲ್ಲ. ಸಿಕ್ಕಿದ್ದು ನಾಲ್ಕನೆಯದು.

ಮರುದಿನ, ಆಗಲೇ ಕೇಳಿ ಪಡೆದಿದ್ದ ನಾಲ್ಕರ ಪಾಳಿ ಮುಗಿಸಿದ ದಾರ್ಬೋ, ಸೀರಾಳನ್ನು ಕರೆದೊಯ್ಯಲು ಬಂದವರು ಮೂಲೆಯಲ್ಲಿ ನಿಂತು ಬೇಸರ ತೋಡಿಕೊಂಡರು. ನಂಬರ್ ಕೆಟ್ಟದಿದ್ದರೆ ಏನು ಬರೆದರೇನು ಎಂಬುದು ಅವರ ಮಾತಿನ ಸಾರಾಂಶ. ಒಡಿಲಿಯಾ ವಾದಕ್ಕೆ ಇಳಿಯಲಿಲ್ಲ. ನೀವು ಮೊದಲು ಬರೆದಿದ್ದ ಶಾಲೆ ನಮ್ಮ ಪಟ್ಟಿಯಲ್ಲಿ ಎಷ್ಟನೆಯದಾಗಿತ್ತು ಎಂದಷ್ಟೇ ಕೇಳಿದರು. ಐದನೆಯದು ಎಂದರು ದಾರ್ಬೋ. ಹೆದರಿಕೆಯ ಪಟ್ಟಿಯನ್ನೇ ಕಳಿಸಿದ್ದರೆ ನೀಮಾ ಅಲ್ಲಿಗೇ ಹೋಗಬೇಕಾಗುತ್ತಿತ್ತು. ಈಗ ಸಿಕ್ಕಿದ್ದು ಅದಕ್ಕಿಂತ ಅವಳಿಗೆ ಹೆಚ್ಚು ಬೇಕಾಗಿದ್ದದ್ದು.

ನೀಮಾ ಎರಡು ದಿನ ಅತ್ತಳು. ಆಡಿನ ಶಾಲೆಯ ಕಾಯುವ ಪಟ್ಟಿಯಲ್ಲಿ ಅವಳ ಹೆಸರಿದೆ, ನಲವತ್ತಮೂರನೆಯದು. ಅದರ ಮೇಲೆ ಆಸೆ ಇಟ್ಟುಕೊಂಡಿಲ್ಲ. ‘‘ಆ ಬೇಕರಿ ನೋಡ್ಕೊಂಡು ಬಂದೆ,’’ ಎನ್ನುತ್ತಾಳೆ. ‘‘ಟೀಯಾ ಹೇಳಿದ ಹಾಗೇ ಇದೆ. ಪ್ರಯೋಗಾಲಯದಲ್ಲಿ ಒಂದು ಆಮೆನೂ ಇದೆ. ಅದನ್ನ ಮಾತ್ರ ಟೀಯಾ ಹೇಳಿರ್ಲಿಲ್ಲ.’’

ನಿವೃತ್ತಿಗೆ ಒಡಿಲಿಯಾ ಅವರಿಗೆ ಇನ್ನೆರಡು ವರ್ಷ. ಎಡ ಮೊಣಕಾಲು ಚಳಿಯಲ್ಲಿ ಬಾಗುವುದಿಲ್ಲ. ಇಲಾಖೆ ಸನ್ಮಾನ ಮಾಡಿಲ್ಲ. ಮಾಡಿದರೆ ಅಂದು ಮೂಲೆಯಲ್ಲಿ ಯಾರು ನಿಲ್ಲುತ್ತಾರೆ ಎಂದು ಅವರೇ ಕೇಳುತ್ತಾರೆ. ಅವರ ದೂರು ಒಂದೇ. ಫಲಿತಾಂಶ ಬಂದ ದಿನ ಅವರಿಗೆ ಫೋನು ಮಾಡುವವರು ಬೇಸರವಾದವರು ಮಾತ್ರ. ಬೇಕಾದ ಶಾಲೆ ಸಿಕ್ಕವರು ಸಂಭ್ರಮದಲ್ಲಿ ಮರೆತುಬಿಡುತ್ತಾರೆ. ಅವರಲ್ಲೂ ಯಾರಾದರೂ ಒಬ್ಬರು ಒಂದು ವರ್ಷವಾದರೂ ಮೂಲೆಗೆ ಬಂದು, ಸಿಕ್ಕಿತು ಟೀಯಾ ಅನ್ನಲಿ ಎಂಬುದು ಆಸೆ.

ಈ ವರ್ಷ ಬಟ್ಟೆ ಒಗೆಯುವ ಅಂಗಡಿಯ ಮೇಜಿಗೆ ಬಂದು ಪಟ್ಟಿ ಮಾಡಿದವರು ಅರವತ್ತಮೂರು ಮನೆಯವರು. ದಾರ್ಬೋ ಅವರೂ ಸೇರಿ ಬೇಸರ ಹೇಳಿಕೊಂಡವರು ಹನ್ನೊಂದು.

‘‘ಮಿಕ್ಕಿದ ಐವತ್ತೆರಡು ಮನೆಯಿಂದ ಒಂದು ಮಾತಿಲ್ಲ,’’ ಎನ್ನುತ್ತಾ ಒಡಿಲಿಯಾ ಕೈಗವಸು ಸರಿಮಾಡಿಕೊಳ್ಳುತ್ತಾರೆ. ‘‘ಐವತ್ತೆರಡು ಮಕ್ಕಳು ಚೆನ್ನಾಗಿದಾರೆ ಅಂತ ಆಯ್ತಲ್ಲ.’’